ಹೆಬ್ಬೆಟ್ಟಿನ ಸಾಕ್ಷಿ

ಅಡಿಕೆ ಧಾರಣೆಯ ಗುಂಪು, ಹಳದಿ ಎಲೆ ರೋಗದ ಗುಂಪು, ತರವಾಡು ಮನೆಯ ಗುಂಪು, ದೈವದ ನೇಮದ ಗುಂಪು, ನೇಮದ ಲೆಕ್ಕ ಕೇಳುವವರು ಬೇರೆಯೇ ಮಾಡಿಕೊಂಡ ಗುಂಪು, ಹೈಸ್ಕೂಲಿನಲ್ಲಿ ಒಟ್ಟಿಗೆ ಪೆಟ್ಟು ತಿಂದವರ ಗುಂಪು. ನಮ್ಮೂರು ಅರಂತೋಡಿನಲ್ಲಿ ಐವತ್ತು ದಾಟಿದ ಗಂಡಸಿನ ವಾಟ್ಸ್ಆ್ಯಪ್ಪಿನಲ್ಲಿ ಕಡಿಮೆಯೆಂದರೆ ಇಷ್ಟು ಇರುತ್ತದೆ. ಇದನ್ನೆಲ್ಲ ಓದುತ್ತ ಕೂತರೆ ತೋಟಕ್ಕೆ ಹೋಗಲಾಗದು, ತೋಟಕ್ಕೆ ಹೋದರೆ ಓದಲಾಗದು. ನಾನು ಎರಡರ ಗೋಜಿಗೂ ಹೋಗದೆ, ಬಂದದ್ದಕ್ಕೆಲ್ಲ ಒಂದು ಹೆಬ್ಬೆಟ್ಟು ಎತ್ತಿ ಮರ್ಯಾದಸ್ಥ ಎನಿಸಿಕೊಂಡವನು. ನಮ್ಮಜ್ಜ ಓದಲು ಬಾರದೆ ಹೆಬ್ಬೆಟ್ಟು ಒತ್ತುತ್ತಿದ್ದರು. ಆದರೂ ಒತ್ತುವ ಮೊದಲು ಶ್ಯಾನುಭೋಗರಿಂದ ಎರಡೆರಡು ಸಲ ಓದಿಸಿ ಕೇಳುತ್ತಿದ್ದರಂತೆ. ಮೊಮ್ಮಗ ಪದವೀಧರ. ಓದಿಸುವುದೂ ಇಲ್ಲ, ಓದುವುದೂ ಇಲ್ಲ.

ಹೀಗಿರುವಾಗ ಬೆಂಗಳೂರಿನಿಂದ ಮಗ ಬಂದ. 'ಅಪ್ಪ, ಇನ್ನು ನೀವು ಮೆಸೇಜು ಹುಡುಕುವುದೇ ಬೇಡ, ಏಜೆಂಟ್ ಹುಡುಕುತ್ತದೆ' ಎಂದ. ನಮ್ಮಲ್ಲಿ ಏಜೆಂಟ್ ಎಂದರೆ ಎಲ್ಲೈಸಿಯವರು. ಅವರಂತೂ ನಾವು ಹುಡುಕದಿದ್ದರೂ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಇದು ಅದಲ್ಲವಂತೆ. 2024ರ ನವೆಂಬರಿನಲ್ಲಿ ಆಂಥ್ರಾಪಿಕ್ ಎಂಬ ಕಂಪೆನಿ ಎಂಸಿಪಿ ಎಂಬ ಕ್ರಮವೊಂದನ್ನು ಹೊರತಂದಿತು. ಎಐ ಹೊರಗಿನ ಕಡತಗಳನ್ನು, ತಂತ್ರಾಂಶಗಳನ್ನು ಮುಟ್ಟುವುದು ಹೇಗೆ ಎಂಬ ರೀತಿರಿವಾಜು ಅದು. ಅದನ್ನು ಹಿಡಿದು ಯಾರೋ ಪುಣ್ಯಾತ್ಮರು ವಾಟ್ಸ್ಆ್ಯಪ್ಪಿಗೂ ಸಂಕ ಹಾಕಿದ್ದಾರೆ. ಲ್ಯಾಪ್‌ಟಾಪಿನಲ್ಲಿ ಮೂಡುವ ಕ್ಯೂಆರ್ ಕೋಡಿಗೆ ಫೋನು ಹಿಡಿದರೆ ಸಾಕು, ಎಲ್ಲ ಗುಂಪಿನ ಮಾತೂ ಲ್ಯಾಪ್‌ಟಾಪಿನ ಒಂದು ಡೇಟಾಬೇಸಿಗೆ ಇಳಿಯುತ್ತದೆ. ಆಮೇಲೆ ಯಾರು, ಯಾವಾಗ, ಯಾವ ಗುಂಪಿನಲ್ಲಿ, ಎಂತ ಹೇಳಿದರು ಎಂದು ಕೇಳಿದರೆ ಏಜೆಂಟ್ ತಡಕಾಡಿ, ಹಿಂದುಮುಂದಿನದನ್ನೂ ಓದಿ, ಉತ್ತರ ಹೇಳುತ್ತದೆ.

ಮಳೆ ಹಿಡಿಯುವ ಮೊದಲು ತೋಟಕ್ಕೆ ಮದ್ದು ಬಿಡಬೇಕಿತ್ತು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಅದರಲ್ಲಿ ಕಷ್ಟವೇನಿಲ್ಲ, ಕಷ್ಟ ಇರುವುದು ಮರ ಹತ್ತುವ ಜನ ಸಿಗುವುದರಲ್ಲಿ. ನಮ್ಮವನು ಯಾವಾಗ ಬರುತ್ತಾನೆ ಎಂದು ಕೇಳಿದೆ. 'ನಾಳೆ ಬರುತ್ತಾರೆ' ಎಂದಿತು. ಖುಷಿಯಲ್ಲಿ ಸುಣ್ಣ ತಂದಿಟ್ಟೆ. ಆಮೇಲೆ ನೋಡಿದರೆ ಅದು ಹೋದ ವರ್ಷದ ನಾಳೆ. ಈ ವರ್ಷದ್ದನ್ನು ಅವನು ವಾಯ್ಸ್ ಮೆಸೇಜಿನಲ್ಲಿ ಹೇಳಿದ್ದ. ಮಗ ಹಾಕಿಕೊಟ್ಟ ಏಜೆಂಟಿಗೆ ಬರೆದದ್ದು ಮಾತ್ರ ಕಾಣುತ್ತದೆ, ಕಿವಿ ಇಲ್ಲ. ಬರೆದದ್ದಾದರೂ ಎಂಥದ್ದು? ನಮ್ಮ ತರವಾಡು ಗುಂಪಿನಲ್ಲಿ ಅರೆಭಾಷೆ, ತುಳು, ಕನ್ನಡ ಮೂರೂ ಒಂದೇ ಸಾಲಿನಲ್ಲಿ ಬರುತ್ತವೆ, ಅದೂ ಇಂಗ್ಲಿಷ್ ಅಕ್ಷರಗಳಲ್ಲಿ.

ಇಷ್ಟಕ್ಕೇ ಲ್ಯಾಪ್‌ಟಾಪು ಮುಚ್ಚಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ನನ್ನಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, 'ಇವರು ಯಾರ್‍ಯಾರಿಗೆ ಎಂತೆಂತ ಒಪ್ಪಿಕೊಂಡಿದ್ದಾರೆ, ಕೇಳು ಮಗ' ಎಂದಳು.

ಅದಕ್ಕೆ ಕಿವಿ ಇಲ್ಲದಿದ್ದರೂ ಹೆಬ್ಬೆಟ್ಟು ಚೆನ್ನಾಗಿ ಕಾಣುತ್ತದೆ. ಯಕ್ಷಗಾನದ ರಾತ್ರಿಯ ಊಟದ ಖರ್ಚು ನನ್ನದು. ನೇಮದ ಸಮಿತಿಗೆ ನಾನು ಖಜಾಂಚಿ. ಲೆಕ್ಕ ಕೇಳುವವರ ಗುಂಪಿನಲ್ಲಿ ಖಜಾಂಚಿಯನ್ನು ಇಳಿಸಬೇಕೆಂಬ ಸೂಚನೆಗೂ ನನ್ನದೇ ಅನುಮೋದನೆ. ಮಡಿಕೇರಿಯ ಭಾವನ ಹಳೇ ಜೀಪಿನ ಬಗ್ಗೆಯೂ ಏನೋ ಇತ್ತು. ಅದನ್ನು ಓದುವಷ್ಟರಲ್ಲಿ ಕರೆಂಟು ಹೋಗಿ ವೈಫೈ ನಿಂತಿತು. ಈ ಊರಿನ ಕರೆಂಟಿನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಬಂದದ್ದಿಲ್ಲ.

ಇನ್ನೊಬ್ಬರ ಮಾತನ್ನು ಹೀಗೆ ಕೆದಕುವುದಕ್ಕೆ ಕಾನೂನಿನ ತಡೆ ಇಲ್ಲವೇ ಎಂದು ಮಗನನ್ನು ಕೇಳಿದೆ. ಇದೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಆದರೆ ವ್ಯಕ್ತಿಯೊಬ್ಬ ಸ್ವಂತಕ್ಕೋ ಮನೆಬಳಕೆಗೋ ಮಾಡಿಕೊಳ್ಳುವ ಕೆಲಸಕ್ಕೆ ಅದು ಅನ್ವಯಿಸುವುದಿಲ್ಲವಂತೆ. ಪ್ರಜೆಗೆ ಎಲ್ಲಿ ರಕ್ಷಣೆ ತುರ್ತಾಗಿ ಬೇಕೋ ಅಲ್ಲೇ ಸಂಸತ್ತು ಕೈತೊಳೆದುಕೊಂಡಿದೆ.

ಕರೆಂಟು ಬಂದ ಮೇಲೆ ಏಜೆಂಟ್ ಬೇರೆಯೇ ರಾಗ ಎತ್ತಿತು. 'ಈ ಸಂದೇಶವನ್ನು 11 ಜನರಿಗೆ ಕಳುಹಿಸಬೇಕೆಂದಿದೆ, ಕಳುಹಿಸಲೇ?' ಚಿಕ್ಕಮ್ಮ ಫಾರ್ವರ್ಡ್ ಮಾಡಿದ ದೇವರ ಫೋಟೋದ ಕೆಳಗಿನ ಬರಹ ಅದು. ಮಗ ಗಂಭೀರನಾದ. ಇದಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಎನ್ನುತ್ತಾರಂತೆ. ಯಾರೋ ಕಳಿಸಿದ ಬರಹವನ್ನು ಯಂತ್ರ ಯಜಮಾನನ ಅಪ್ಪಣೆ ಎಂದುಕೊಂಡುಬಿಡುತ್ತದೆ. ಇದೇ ದಾರಿಯಲ್ಲಿ ವಾಟ್ಸ್ಆ್ಯಪ್ ಸಂದೇಶಗಳನ್ನು ಕದ್ದು ಹೊರಗೆ ಸಾಗಿಸಬಹುದೆಂದು ಇನ್‌ವೇರಿಯಂಟ್ ಲ್ಯಾಬ್ಸ್ ಎಂಬ ಸಂಸ್ಥೆ 2025ರ ಏಪ್ರಿಲಿನಲ್ಲೇ ಮಾಡಿ ತೋರಿಸಿತ್ತಂತೆ. ನಮ್ಮ ಚಿಕ್ಕಮ್ಮ ಯಾವ ಇಂಜೆಕ್ಷನ್ನೂ ಇಲ್ಲದೆ ವರ್ಷಗಳಿಂದ ಇದನ್ನೇ ಮಾಡುತ್ತಿದ್ದಾರೆ. ಅವರ ಮೇಲೆ ಯಾರೂ ಸಂಶೋಧನೆ ಮಾಡಲಿಲ್ಲ.

ಮರುದಿನ ಮಡಿಕೇರಿಗೆ, ಮಾವನ ಮನೆಯ ಗೃಹಪ್ರವೇಶಕ್ಕೆ ಹೊರಡಬೇಕಿತ್ತು. ಭಾವ ಎದುರಾಗುವನಲ್ಲ ಎಂಬ ಅಳುಕಿನಲ್ಲಿ, ರಸ್ತೆ ಹೇಗಿದೆ ಎಂದು ಗುಟ್ಟಾಗಿ ಏಜೆಂಟನ್ನೇ ಕೇಳಿದೆ. 'ಜೋಡುಪಾಲದಲ್ಲಿ ಗುಡ್ಡ ಕುಸಿದಿದೆ, ಮಡಿಕೇರಿ ರಸ್ತೆ ಬಂದ್. ನಿನ್ನೆಯ ಸಂದೇಶ' ಎಂದಿತು. ಉತ್ತರವನ್ನು ದೊಡ್ಡ ದನಿಯಲ್ಲಿ ಓದಿ, ಮುಖ ಸಣ್ಣ ಮಾಡಿಕೊಂಡು, ಚಪ್ಪಲಿ ಬಿಚ್ಚಿದೆ.

ನನ್ನಾಕೆ ಜಗಲಿಗೆ ಹೋಗಿ ನಿಂತಳು. ನಮ್ಮದು ಹೆದ್ದಾರಿ ಬದಿಯ ಮನೆ. 'ಮತ್ತೆ ಮಡಿಕೇರಿಯಿಂದ ಪುತ್ತೂರಿಗೆ ಹೋಗುವ ಆ ಬಸ್ಸು ಹಾರಿಕೊಂಡು ಬಂತಾ?' ಎಂದು ಕೇಳಿದಳು.

ಜೋಡುಪಾಲದ ಗುಡ್ಡ ಜರಿದದ್ದು 2018ರ ಆಗಸ್ಟಿನಲ್ಲಿ. ಆಗ ಈ ರಸ್ತೆ ನಿಜಕ್ಕೂ ಕಡಿದುಹೋಗಿತ್ತು, ನಮ್ಮೂರಲ್ಲೇ ಗಂಜಿ ಕೇಂದ್ರ ತೆರೆದಿದ್ದರು. ನಗುವ ವಿಷಯವಲ್ಲ ಅದು. ಆದರೆ ಆಗಿನ ಸಂದೇಶವನ್ನು ಯಾರಾದರೊಬ್ಬರು ಪ್ರತಿ ಮಳೆಗಾಲವೂ ಹೊಸದೆಂಬಂತೆ ಹಾಕುತ್ತಾರೆ. ನಿನ್ನೆ ಹಾಕಿದ್ದು ನಿನ್ನೆ ನಡೆದದ್ದು ಎಂಬುದು ಏಜೆಂಟಿನ ತರ್ಕ. ಹೆಚ್ಚುಕಡಿಮೆ ನನ್ನದೂ ಅದೇ, ಅನುಕೂಲವಿದ್ದಾಗ.

ಮುಂದಿನ ಬಸ್ಸಿನಲ್ಲಿ ಮಡಿಕೇರಿ ಮುಟ್ಟಿದೆವು. ಅಂಗಳದಲ್ಲೇ ಜೀಪು ತೊಳೆದು ನಿಲ್ಲಿಸಿತ್ತು, ಮುಂದಕ್ಕೆ ಹೂವಿನ ಮಾಲೆ ಬೇರೆ. 'ನೀವು ಒಪ್ಪಿದ ಮೇಲೆ ಬೇರೆ ಗಿರಾಕಿಗೆ ಇಲ್ಲ ಅಂತ ಹೇಳಿಬಿಟ್ಟೆ ಭಾವ. ದುಡ್ಡು ಮುಂದಿನ ತಿಂಗಳಾದರೂ ಸಾಕು' ಎಂದು ಭಾವ ನನ್ನ ಅಂಗೈಯಲ್ಲಿ ಕೀ ಇಟ್ಟ. ನನಗೆ ಜೀಪು ಬಿಡಲು ಬರುವುದಿಲ್ಲ ಎಂಬ ಮಾಹಿತಿ ಯಾವ ಗುಂಪಿನಲ್ಲೂ ದಾಖಲಾಗಿರಲಿಲ್ಲ.