ನೆರಳಿನ ಬೇಟೆ
ವೈಶಾಖದ ನಡುಹಗಲಿನಲ್ಲಿ ಕಲಬುರಗಿಯ ಬೀದಿಯೊಂದರಲ್ಲಿ ಕಾರನ್ನು ನಿಲ್ಲಿಸಿ, ಗಳಿಗೆಯ ಕೆಲಸವೆಂದು ಕಚೇರಿಯನ್ನು ಹೊಕ್ಕು, ಗುಮಾಸ್ತರ ಊಟೋಪಚಾರಗಳೆಲ್ಲ ಸಾಂಗವಾಗಿ ತೀರಿದ ಮೇಲೆ ಹೊರಬಂದ ಗೃಹಸ್ಥನಿಗೆ, ಪಂಚಾಗ್ನಿಮಧ್ಯದಲ್ಲಿ ತಪಸ್ಸು ಮಾಡುತ್ತಿದ್ದ ಋಷಿಗಳ ಧೈರ್ಯವೆಂಥದೆಂಬುದು ಬಾಗಿಲು ತೆರೆದ ಕ್ಷಣದಲ್ಲಿಯೇ ವಿದಿತವಾಗುತ್ತದೆ. ಹೊರಗೆ 42 ಡಿಗ್ರಿಯಿದ್ದರೆ ಒಳಗೆ ತಾಸಿನೊಳಗಾಗಿ 60ನ್ನು ಮುಟ್ಟುವುದು ಸೋಜಿಗವಲ್ಲ. ಆ ಏರಿಕೆಯಲ್ಲಿಯೂ ಹೆಚ್ಚಿನ ಪಾಲು ಮೊದಲ ಅರ್ಧ ತಾಸಿನದೇ. ಸೂರ್ಯನ ಬೆಳಕನ್ನು ಆದರದಿಂದ ಒಳಗೆ ಬಿಟ್ಟುಕೊಳ್ಳುವ ಗಾಜು, ಆ ಬೆಳಕನ್ನುಂಡು ಕಾದ ಆಸನಗಳು ಸೂಸುವ ಉಷ್ಣಕಿರಣಗಳಿಗೆ ಮಾತ್ರ ಹೊರದಾರಿಯನ್ನು ಕೊಡದು. ಕಾದ ಗಾಳಿಗೂ ಅಲ್ಲಿ ಸೆರೆವಾಸವೇ. ಕಿಟಕಿಯನ್ನು ಎರಡು ಬೆರಳಿನಷ್ಟು ಇಳಿಸಿಟ್ಟು ಧನ್ಯರಾದೆವೆಂದು ಭಾವಿಸುವವರುಂಟು. ಅದರಿಂದ ಆಗುವ ಉಪಕಾರ ಅತ್ಯಲ್ಪ. (ಮಗುವನ್ನು ಒಳಗೆ ಬಿಟ್ಟುಹೋಗುವ ಮಾತು ಮಾತ್ರ ಹರಟೆಗೆ ತಕ್ಕುದಲ್ಲ, ಅದು ಪ್ರಾಣದ ವಿಷಯ.)

ಆದಕಾರಣವೇ ನಮ್ಮ ಕಡೆಯ ವಾಹನಸ್ಥರು ಬೇವಿನ ಮರಗಳ ಭೂಗೋಳವನ್ನು ಕಂಠಪಾಠ ಮಾಡಿರುವರು. ಆದರೆ ಹನ್ನೊಂದಕ್ಕೆ ಕಾರಿನ ಮೇಲಿದ್ದ ನೆರಳು, ಯಾರ ದಾಕ್ಷಿಣ್ಯಕ್ಕೂ ಒಳಗಾಗದೆ, ಎರಡಕ್ಕೆ ಪಕ್ಕದವನ ಸ್ಕೂಟರನ್ನು ಅನುಗ್ರಹಿಸುತ್ತಿರುತ್ತದೆ. ನೆರಳು ಕದಲದೆ ನಿಂತಿತೆನ್ನಿ. ಅದೇ ಕೊಂಬೆಯಲ್ಲಿ ವಿಶ್ರಮಿಸುವ ಕಾಗೆಗಳು, ನೆಲಬಾಡಿಗೆಯನ್ನು ತಮ್ಮದೇ ನಾಣ್ಯದಲ್ಲಿ ಗಾಜಿನ ಮೇಲೆ ವಸೂಲು ಮಾಡಿಕೊಳ್ಳುತ್ತವೆ, ಬಿಸಿಲು ಆ ರಶೀದಿಯನ್ನು ಗಟ್ಟಿಯಾಗಿ ಒಣಗಿಸಿಕೊಡುತ್ತದೆ.