ಅಯ್ಯೋ ಹೊಳೆ

ನಮ್ಮೂರಿನ ಹೆಸರು ಹುಟ್ಟಿದ್ದೇ ಒಂದು "ಅಯ್ಯೋ"ದಿಂದ. ಪರಶುರಾಮ ಕ್ಷತ್ರಿಯರನ್ನೆಲ್ಲ ಮುಗಿಸಿ ಬಂದು ಮಲಪ್ರಭೆಯಲ್ಲಿ ಕೊಡಲಿ ತೊಳೆದನಂತೆ. ನೀರು ಕೆಂಪಾಯಿತು. ನೀರಿಗೆ ಬಂದಿದ್ದ ಹೆಂಗಸರು "ಅಯ್ಯೋ, ಹೊಳಿ!" ಎಂದು ಕೂಗಿದರು, ಊರು ಐಹೊಳೆಯಾಯಿತು. ಪಂಡಿತರು ಇದನ್ನು ಒಪ್ಪುವುದಿಲ್ಲ, ಶಾಸನಗಳಲ್ಲಿ ಆರ್ಯಪುರ, ಅಯ್ಯಾವೊಳೆ ಎಂದಿದೆ ಎನ್ನುತ್ತಾರೆ. ಅವರು ಹೇಳುವುದೇ ಸರಿಯಿರಬೇಕು. ಆದರೆ ಹೋದ ಒಂದು ವರ್ಷ ನಮ್ಮ ಹೊಸ್ತಿಲು ದಾಟಿ ಬಂದವರ ಬಾಯಿಂದ ಮೊದಲು ಉದುರಿದ ಮಾತು ಯಾವುದೆಂದು ಕೇಳಿಸಿಕೊಂಡ ನನಗೆ ಪುರಾಣವೇ ನಿಜ ಅನ್ನಿಸುತ್ತದೆ.

ಅವರಿಗೂ ಕಾರಣವಿತ್ತು, ಅದೂ ಎರಡೆರಡು. ಮೊದಲನೆಯದು ನಾಲ್ಕನೇ ಇಯತ್ತೆಯ ಮೊಮ್ಮಗಳು. ಹೋದ ಯುಗಾದಿಯ ಹೊತ್ತಿಗೆ ಹುಡುಗಿ ತಂಬಿಗೆಗಟ್ಟಲೆ ನೀರು ಕುಡಿಯತೊಡಗಿದಳು. ರಾತ್ರಿ ನಾಲ್ಕು ಸಲ ಏಳುವಳು. ಲಂಗ ಸೊಂಟದ ಮೇಲೆ ನಿಲ್ಲದಾಯಿತು. "ಬ್ಯಾಸಗಿ ಐತಿ, ಕುಡೀಲಿ ಬಿಡ್ರಿ" ಎಂದು ತೀರ್ಪು ಕೊಟ್ಟವನು ನಾನೇ, ಮೂವತ್ತು ವರ್ಷ ಸಾಲಿ ಮಾಸ್ತರಿಕೆ ಮಾಡಿದವನು. ಒಂದು ಸಂಜೆ ವಾಂತಿ, ಏದುಸಿರು. ಸುಮಾರು 35 ಕಿಲೋಮೀಟರ್ ದೂರದ ಬಾಗಲಕೋಟೆಗೆ ಓಡಿದೆವು. ಟೈಪ್ 1 ಮಧುಮೇಹ. ಇನ್ನು ಜೀವಮಾನವಿಡೀ ದಿನಕ್ಕೆ ನಾಲ್ಕು ಸೂಜಿ.

ಎರಡನೆಯವನು ಕಾರಹುಣ್ಣಿಮೆಯ ವಾರದಲ್ಲಿ ಹುಟ್ಟಿದ ಅವಳ ತಮ್ಮ. ಕೈಕಾಲು ಗಟ್ಟಿ, ದನಿ ಇನ್ನೂ ಗಟ್ಟಿ. ಆದರೆ ಎರಡೂ ಪಾದ ಒಳಕ್ಕೆ ತಿರುಗಿ, ಅಂಗಾಲಿಗೆ ಅಂಗಾಲು ಎದುರಾಗಿ, ಕೂಸು ಕಾಲಲ್ಲೇ ನಮಸ್ಕಾರ ಮಾಡುತ್ತ ಬಂದಂತಿತ್ತು. ಡಾಕ್ಟರರು "ಕ್ಲಬ್ ಫೂಟ್" ಎಂದರು. ಹೆಚ್ಚು ಕಡಿಮೆ ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ, ಗಂಡುಮಕ್ಕಳಲ್ಲಿ ಹೆಚ್ಚು ಎಂದರು.

ಡಾಕ್ಟರರಿಗೆ ಗೊತ್ತಿರದ ಕಾರಣ ಓಣಿಗೆ ಗೊತ್ತಿತ್ತು. ಗ್ರಹಣ. ಗ್ರಹಣದ ಹೊತ್ತಿಗೆ ಸೊಸಿ ಈಳಿಗೆ ಮುಟ್ಟಿದ್ದಳೇ, ಕಾಲು ಮಡಚಿ ಕೂತಿದ್ದಳೇ ಎಂದು ಎಂಟು ದಿನ ವಿಚಾರಣೆ ನಡೆಯಿತು. ಒಂಬತ್ತನೆಯ ದಿನ ಸೊಸಿಯೇ ಬಾಣಂತಿ ಕೋಣೆಯಿಂದ ಕೂಗಿದಳು: "ಗ್ರಹಣದಾಗ ನಾ ಟಿವಿ ಮುಂದ ಮಲಗಿದ್ದೆ. ಕೂಸಿಗೆ ಟಿವಿ ಹುಚ್ಚು ಹಿಡದ್ರ ನನ್ನ ಕೇಳ್ರಿ." ವಿಚಾರಣೆ ಅಲ್ಲಿಗೆ ಮುಗಿಯಿತು.

ನನ್ನ ಹೆಂಡತಿಯ ಚಿಂತೆಯೇ ಬೇರೆ. ಅವಳನ್ನು ಮನೆಯಲ್ಲಿ ಎಲ್ಲರೂ ಆಯಿ ಎನ್ನುತ್ತಾರೆ, ಈಗೀಗ ನಾನೂ. ಈ ಊರಿನಲ್ಲಿ ಹತ್ತಿದ ಹೆಸರು ಹೋಗುವುದಿಲ್ಲ ಎಂಬುದು ಅವಳ ಭಯ. ಅದು ಸುಳ್ಳೂ ಅಲ್ಲ. ನೂರಕ್ಕೂ ಹೆಚ್ಚು ಗುಡಿ ಇಲ್ಲಿವೆ, ಹೆಚ್ಚಿನವಕ್ಕೆ ಇರುವುದು ಕಟ್ಟಿದವನ ಹೆಸರಲ್ಲ. ಲಾಡಖಾನ್ ಎಂಬವನು ಒಂದರಲ್ಲಿ ವಾಸವಿದ್ದ, ಅದು ಲಾಡಖಾನ್ ಗುಡಿಯಾಯಿತು. ದುರ್ಗದ ಗುಡಿಗೆ ಹೆಸರು ಬಂದದ್ದು ದೇವಿಯಿಂದಲ್ಲ, ಪಕ್ಕದ ಕೋಟೆಯಿಂದ. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ. ಹುಚ್ಚಿಮಲ್ಲಿ ಗುಡಿ, ಹುಚ್ಚಪ್ಪಯ್ಯನ ಗುಡಿ. ಮಲ್ಲಿ ನಿಜವಾಗಿ ಹುಚ್ಚಿಯೋ ಅಲ್ಲವೋ, ದೇಶವಿದೇಶದ ಪ್ರವಾಸಿಗಳು ಇವತ್ತಿಗೂ ಅವಳನ್ನು ಹಾಗೆಯೇ ಕರೆದು ಫೋಟೋ ತೆಗೆಯುತ್ತಾರೆ. "ನನ್ನ ಮೊಮ್ಮಗನ್ನ ಯಾರರ ಕುಂಟ್ಯಾ ಅಂದ್ರ ಮುಗದು ಹೋತು. ಕಲ್ಲಾಗ ಕಡದಂಗ" ಎಂದಳು ಆಯಿ. ಮೇಗುಟಿ ಗುಡಿಯ ಗೋಡೆಯಲ್ಲಿ ಕವಿ ರವಿಕೀರ್ತಿ 634ರಲ್ಲಿ ಕೆತ್ತಿಸಿದ ಪುಲಿಕೇಶಿಯ ಹೊಗಳಿಕೆಯನ್ನು ಓದಬಲ್ಲವರು ಊರಿನಲ್ಲಿ ಒಬ್ಬರೂ ಇಲ್ಲ. ಅಡ್ಡಹೆಸರಿಗೆ ಓದು ಬರಹ ಬೇಕಿಲ್ಲ.

ದಾರಿ ತೋರಿಸಿದವರು ಆಶಾ ಕಾರ್ಯಕರ್ತೆ. ಮಕ್ಕಳ ತಪಾಸಣೆಗೆಂದು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಇಂಥ ಪಾದವೂ ಇದೆ, ತಡ ಮಾಡಬ್ಯಾಡ್ರಿ ಎಂದರು. ಹದಿನೈದನೆಯ ದಿನಕ್ಕೆ ಮೊದಲ ಪ್ಲಾಸ್ಟರ್ ಬಿತ್ತು, ತೊಡೆಯಿಂದ ಬೆರಳವರೆಗೆ. ಪ್ರತಿ ವಾರ ಅದನ್ನು ಬಿಚ್ಚಿ, ಪಾದವನ್ನು ಕೈಯಿಂದ ಮೆಲ್ಲಗೆ ಒಂದಿಷ್ಟು ಹೊರಗೆ ತಿರುಗಿಸಿ, ಮತ್ತೆ ಹೊಸ ಪ್ಲಾಸ್ಟರ್. ಹೀಗೆ ಆರು ವಾರ. ಈ ವಿದ್ಯೆಯ ಮೂಲಪುರುಷ ಇಗ್ನಾಸಿಯೊ ಪೊನ್ಸೆಟಿ, 1914ರಲ್ಲಿ ಸ್ಪೇನಿನ ಮೆನೋರ್ಕಾ ದ್ವೀಪದಲ್ಲಿ ಹುಟ್ಟಿದವರು, ಗಡಿಯಾರ ರಿಪೇರಿಯವನ ಮಗ. ಅಮೆರಿಕದ ಅಯೋವಾದಲ್ಲಿ ಕೂತು, ಕೂಸಿನ ಪಾದಕ್ಕೆ ಚಾಕು ಬೇಡ, ತಾಳ್ಮೆ ಸಾಕು ಎಂದು ಹತ್ತಾರು ವರ್ಷ ಹೇಳಿದರೂ ಬಹಳ ಮಂದಿ ಶಸ್ತ್ರವೈದ್ಯರು ಕಿವಿಗೊಡಲಿಲ್ಲ. ಅಪ್ಪನ ಅಂಗಡಿಯಲ್ಲಿ ಸಣ್ಣ ಮುಳ್ಳು ತಿರುಗಿಸಿದ ಕೈ ಅದು. ನನಗಂತೂ ಆ ಮನುಷ್ಯನ ಮೇಲೆ ವಿಶ್ವಾಸ ಬಂತು.

ಆಯಿಗೆ ಬರಲಿಲ್ಲ. ಅವಳ ತಕರಾರು ಎರೆಯುವುದರದ್ದು. ನಮ್ಮ ಕಡೆ ಕೂಸಿಗೆ ದಿನಾ ಎಣ್ಣೆ ತಿಕ್ಕಿ, ಕಾಲ ಮೇಲೆ ಮಲಗಿಸಿಕೊಂಡು, ಹಂಡೆಯ ಬಿಸಿನೀರು ಹೊಯ್ದು ಎರೆಯದಿದ್ದರೆ ಅದು ಕೂಸೇ ಅಲ್ಲ. ಪ್ಲಾಸ್ಟರಿಗೆ ನೀರು ತಾಗಕೂಡದು! ಅವಳು ಒಂದು ಉಪಾಯ ಹೂಡಿದಳು. ಪ್ರತಿ ವಾರ ಆಸ್ಪತ್ರೆಯಲ್ಲಿ ಹಳೆಯ ಪ್ಲಾಸ್ಟರನ್ನು ನೀರಿನಲ್ಲಿ ನೆನೆಸಿ ಬಿಚ್ಚುತ್ತಾರಲ್ಲ, ಹೊಸದು ಹಾಕುವ ನಡುವೆ ಹತ್ತು ನಿಮಿಷ ಕಾಲು ಖಾಲಿ. ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಇಲಕಲ್ ಸೀರೆಯ ಸೆರಗಿನಲ್ಲಿ ಗಂಟು ಹಾಕಿಕೊಂಡು ಬಸ್ಸು ಹತ್ತಿದಳು. ಶಕ್ತಿ ಯೋಜನೆಯಲ್ಲಿ ಆಯಿ, ಸೊಸಿ ಇಬ್ಬರಿಗೂ ಟಿಕೆಟ್ ಪುಕ್ಕಟೆ, ಕೂಸಿಗೆ ಹೇಗೂ ಇಲ್ಲ. ರೊಕ್ಕ ಕೊಡಬೇಕಾದ ರೋಗಿ ನಾನೊಬ್ಬನೇ. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಬಿಚ್ಚಿದ್ದೇ ತಡ, ಆಯಿ ಬಾಟಲಿ ತೆಗೆದಳು. ನರ್ಸಮ್ಮ ಕೈ ಹಿಡಿದರು: "ಎಣ್ಣಿ ಹಚ್ಚಿದ್ರ ಪ್ಲಾಸ್ಟರ್ ಜಾರತೈತ್ರಿ ಯವ್ವಾ." ಇಬ್ಬರ ನಡುವೆ ರಾಜಿಯಾಯಿತು. ಸೊಂಟದ ಮೇಲೆ ಆಯಿಯ ರಾಜ್ಯ, ಕೆಳಗೆ ಸರ್ಕಾರದ್ದು.

ಕೊನೆಗೆ ಹಿಮ್ಮಡಿ ಮೇಲಿನ ಸ್ನಾಯುರಜ್ಜುವಿಗೆ ಒಂದು ಸಣ್ಣ ಕೊಯ್ತ. ಹೊಲಿಗೆಯಿಲ್ಲ, ಮೂರು ವಾರದ ಪ್ಲಾಸ್ಟರಿನಲ್ಲಿ ಅದೇ ಕೂಡಿಕೊಂಡಿತು. ಅದರ ನಂತರ ಬೂಟು. ಎರಡು ಪುಟ್ಟ ಬೂಟು, ನಡುವೆ ಒಂದು ಸರಳು. ಥೇಟ್ ಎತ್ತಿನ ನೊಗ. ಮೂರು ತಿಂಗಳು ದಿನಕ್ಕೆ 23 ತಾಸು, ಆಮೇಲೆ ನಾಲ್ಕು ವರ್ಷವಾಗುವ ತನಕ ಮಲಗುವಾಗ. ತಪ್ಪಿಸಿದರೆ ಪಾದ ಮತ್ತೆ ಒಳಗೆ ತಿರುಗುತ್ತದೆ. ಅಂದರೆ ಡಾಕ್ಟರರ ಪಾಲು ಎರಡು ತಿಂಗಳು, ಮನೆಯವರ ಪಾಲು ನಾಲ್ಕು ವರ್ಷ.

ಉಳಿದ ಆ ಒಂದು ತಾಸಿಗೆ ನಮ್ಮ ಮನೆಯಲ್ಲಿ ನಡೆದ ಜಗಳ ಹೊಲದ ಬದುವಿಗೂ ನಡೆದಿಲ್ಲ. ಆಯಿಗೆ ಎರೆಯಲು ಬೇಕು. ಸೊಸಿಗೆ ಆ ಕಾಲನ್ನು ಬರಿದೇ ನೋಡುತ್ತ ಕೂರಬೇಕು. ಮಗನಿಗೆ ಎತ್ತಿ ಎದೆಗೆ ಒತ್ತಿಕೊಳ್ಳಬೇಕು. ಅಕ್ಕನಿಗೆ ಹತ್ತು ಬೆರಳು ಎಣಿಸಬೇಕು, ದಿನಾ, ಯಾವುದಾದರೂ ಕಳೆದಿದ್ದರೆ ಎಂದು. ನನ್ನ ಪಾಳಿಗೆ ಐದು ನಿಮಿಷ ಬಂತು. ಕೂಸು ಮಾತ್ರ ಬೂಟು ಬಿಚ್ಚಿದರೆ ಅಳುತ್ತಿತ್ತು. ಅದಕ್ಕೆ ನೊಗದ ರುಚಿ ಹತ್ತಿತ್ತು; ಎರಡೂ ಕಾಲೆತ್ತಿ ಸರಳನ್ನು ತೊಟ್ಟಿಲಿಗೆ ಟಕ್ ಟಕ್ ಎಂದು ಬಡಿದರೆ ಇಡೀ ಓಣಿಗೆ ಕೇಳುತ್ತಿತ್ತು.

ಅಕ್ಕನ ಕಥೆಯಲ್ಲಿ ಇಷ್ಟು ಸದ್ದಿಲ್ಲ, ಲೆಕ್ಕ ಜಾಸ್ತಿ. ಉಣ್ಣುವುದಕ್ಕೆ ತಕ್ಕ ಇನ್ಸುಲಿನ್. ಹಾಗಾದರೆ ರೊಟ್ಟಿ ಎಲ್ಲ ಒಂದೇ ತೂಕ ಇರಬೇಕಲ್ಲ? ನಲವತ್ತು ವರ್ಷ ಕಣ್ಣಂದಾಜಿನಲ್ಲಿ ಪಟಪಟ ಬಡಿದ ಆಯಿಯ ಮುಂದೆ ಮಗ ತಕ್ಕಡಿ ತಂದಿಟ್ಟ. ಅವಳು ಅದರ ಕಡೆ ನೋಡಲೂ ಇಲ್ಲ. ಜೋಳದ ಹಿಟ್ಟಿನ ಹತ್ತು ಉಂಡಿ ಕಟ್ಟಿ ಸಾಲಾಗಿಟ್ಟು "ತೂಗ್ರಿ" ಎಂದಳು. ಹತ್ತರಲ್ಲಿ ಎಂಟು ಸರಿಸಮ, ಎರಡು ತುಸು ಹೆಚ್ಚು. ಆ ಎರಡು ಬೇಕಂತಲೇ ಹೆಚ್ಚು ಹಾಕಿದ್ದು, ನನಗೆಂದು. ತಕ್ಕಡಿ ಅಟ್ಟ ಸೇರಿತು.

ಕರೆಂಟು ಹೋದಾಗ ಇನ್ಸುಲಿನ್ ಕಾಯುವುದು ಎರಡು ಗಡಿಗೆ. ದೊಡ್ಡದರೊಳಗೆ ಸಣ್ಣದು, ನಡುವೆ ಹಸಿ ಉಸುಕು, ಬಾಯಿಗೆ ಒದ್ದೆ ಅರಿವೆ. ಮಜ್ಜಿಗೆ ಇರಬೇಕೆಂದು ತೆರೆದು ನೋಡಿದ ಬೀಗರು ಅಯ್ಯೋ ಎಂದದ್ದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಈ ಔಷಧಿಯನ್ನು 1921ರಲ್ಲಿ ಟೊರಾಂಟೋದಲ್ಲಿ ಕಂಡುಹಿಡಿದ ಬ್ಯಾಂಟಿಂಗ್ ಮತ್ತು ಸಂಗಡಿಗರು ಅದರ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಅದಕ್ಕೂ ಮೊದಲು ನಮ್ಮ ಹುಡುಗಿಯಂಥವರು ಹೆಚ್ಚು ದಿನ ಬದುಕುತ್ತಿರಲಿಲ್ಲ. ಇದನ್ನು ನಾನು ಆಯಿಗೆ ಹೇಳಿಲ್ಲ.

ಒಂದು ಮಧ್ಯಾಹ್ನ ಹುಡುಗಿ ಬೆವೆತು ನಡುಗುತ್ತ ಅಡಿಗೆಮನೆಗೆ ಬಂದಳು. "ಆಯಿ, ಸಕ್ಕರಿ ಕೊಡು." "ಸಕ್ಕರಿ ಬ್ಯಾನಿಯಾಕಿಗೆ ಸಕ್ಕರಿ?" "ಮದಲ ಕೊಡು, ಆಮ್ಯಾಲ ಬೈ." ಮೂರು ಚಮಚ ತಿಂದು ಹದಿನೈದು ನಿಮಿಷ ಗೋಡೆಗೊರಗಿ ಕೂತಳು, ಬೆರಳು ಚುಚ್ಚಿ ನೋಡಿದಳು, ಎದ್ದು ಆಡಲು ಹೋದಳು. ದೀಪಾವಳಿಯ ಹೊತ್ತಿಗೆ ಸೂಜಿಯನ್ನೂ ತಾನೇ ಹಾಕಿಕೊಳ್ಳತೊಡಗಿದ್ದಳು. ನಾನು ನಿಂಬೆಹಣ್ಣಿಗೆ ಚುಚ್ಚಿ ಚುಚ್ಚಿ ಕಲಿತದ್ದೆಲ್ಲ ವ್ಯರ್ಥವಾಯಿತು.

ಇನ್ನು ಹೆಸರಿನ ವಿಷಯ. ಮೊನ್ನೆ ಯುಗಾದಿಗೆ ಕೂಸಿಗೆ ಒಂಬತ್ತು ತಿಂಗಳು. ಲಾಡಖಾನ್ ಗುಡಿಯ ಕಂಬ ಹಿಡಿದು ನಿಂತ; ಎರಡೂ ಅಂಗಾಲು ನೆಲಕ್ಕೆ ಪೂರ್ತಿ ಊರಿದ್ದವು. ಊರು ಅಡ್ಡಹೆಸರು ಇಡದೆ ಬಿಡಲಿಲ್ಲ. ಹಗಲೂ ರಾತ್ರಿ ಬೂಟು ಹಾಕಿಕೊಂಡ ಕೂಸನ್ನು ಐಹೊಳೆ ಕಂಡಿರಲಿಲ್ಲ, ಹಾಗಾಗಿ ಅವನು "ಬೂಟ್ ಸಾಹೇಬ". ಆಯಿ ಎರಡು ದಿನ ಯೋಚಿಸಿ, ನಡೀತೈತಿ ಎಂದಳು.

ನೀವು ಗುಡಿ ನೋಡಲು ಬಂದಾಗ ಮನೆಗೂ ಬರ್ರಿ. ಅಮೀನಗಡದ ಮೇಲೆ ಹಾದು ಬರುವವರು ಕರದಂಟು ತಾರದೆ ಬರುವುದಿಲ್ಲ, ನನಗೆ ಗೊತ್ತು. ತರಬೇಡಿ ಎನ್ನುವುದಿಲ್ಲ. ಊಟದ ಹೊತ್ತಿಗೆ ತರ್ರಿ, ಹುಡುಗಿಗೆ ಲೆಕ್ಕ ಹಿಡಿಯಲು ಅನುಕೂಲ.