ತೂಕದವರ ಆಟ ನಡೆಯದ ಮನೆ

ನಮ್ಮಲ್ಲಿ ತೂಕದ ಮನುಷ್ಯರಿಗೇ ಮೊದಲ ಮಣೆ. ರಸಾಯನಶಾಸ್ತ್ರದಲ್ಲಿ ಹಾಗಲ್ಲ. ಅಮೋನಿಯ ತಯಾರಿಗೆ 28 ಗ್ರಾಂ ನೈಟ್ರೋಜನ್ ಠೀವಿಯಿಂದ ಬಂದು ಕೂತಿದೆ ಎನ್ನಿ. ಎದುರಿಗೆ ಬಡಕಲು ಹೈಡ್ರೋಜನ್, ಬರೀ 3 ಗ್ರಾಂ. ಒಟ್ಟು 31 ಗ್ರಾಂ ಹಾಕಿದ್ದೇವೆ, 31 ಗ್ರಾಂ ಅಮೋನಿಯ ಬರಲೇಬೇಕು ಎಂದು ಪರೀಕ್ಷೆಯಲ್ಲಿ ಬರೆದವರು, ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿ ಕೇಳಲು ಒಳ್ಳೆಯ ಮುಹೂರ್ತವನ್ನೇ ನೋಡಬೇಕಾಗುತ್ತದೆ.

ಇಲ್ಲಿ ತಕ್ಕಡಿ ಬದಿಗಿಟ್ಟು ಮೋಲ್‌ಗಳಲ್ಲಿ ತಲೆ ಎಣಿಸಬೇಕು. ನೈಟ್ರೋಜನ್ 1 ಮೋಲ್, ಹೈಡ್ರೋಜನ್ 1.5 ಮೋಲ್. ಆದರೆ ಒಂದು ಮೋಲ್ ನೈಟ್ರೋಜನ್‌ಗೆ ಮೂರು ಮೋಲ್ ಹೈಡ್ರೋಜನ್ ಬೇಕೆಂಬುದು ಸಮೀಕರಣದ ಕರಾರು. ಹೈಡ್ರೋಜನ್ ಅರ್ಧ ದಾರಿಯಲ್ಲೇ ಖಾಲಿ! ಹುಟ್ಟುವುದು 1 ಮೋಲ್ ಅಮೋನಿಯ, ಅಂದರೆ 17 ಗ್ರಾಂ. ಮಿಕ್ಕ 14 ಗ್ರಾಂ ನೈಟ್ರೋಜನ್, ಹೋಳಿಗೆ ಮುಗಿದ ಮೇಲೆ ಪಂಕ್ತಿಗೆ ಕೂತ ನೆಂಟರಂತೆ ಎಲೆ ನೋಡುತ್ತ ಕೂರುತ್ತದೆ.

ಹೀಗೆ ಮೊದಲು ಮುಗಿದು ಎಲ್ಲರ ಆಟ ನಿಲ್ಲಿಸುವವನೇ ಲಿಮಿಟಿಂಗ್ ರಿಯಾಕ್ಟೆಂಟ್. ಕಾರ್ಖಾನೆಯ ಕಥೆ ಬೇರೆ: ಹೇಬರ್ ವಿಧಾನದಲ್ಲಿ ಒಂದು ಸುತ್ತಿಗೆ ಅಮೋನಿಯ ಆಗುವುದು ಅನಿಲದ ಸಣ್ಣ ಪಾಲು ಮಾತ್ರ. ಉಳಿದದ್ದನ್ನು ಮತ್ತೆ ಮತ್ತೆ ಒಳಗೆ ತಳ್ಳುತ್ತಾರೆ. ಪ್ರಶ್ನೆಪತ್ರಿಕೆಯಲ್ಲಿ ಮಾತ್ರ 17 ಗ್ರಾಂ ಒಂದೇ ಏಟಿಗೆ ಬಂದುಬಿಡುತ್ತದೆ. ಪರೀಕ್ಷಕರಿಗೆ ಅಷ್ಟೊಂದು ವ್ಯವಧಾನ ಎಲ್ಲಿದೆ, ಹೇಳಿ!